ಸ್ತೋತ್ರವು ಔಷಧವೇ, ಸಾಧನೆಯೇ?

ವರ್ಷಕ್ಕೆ ಎರಡು ಮೂರು ಬಾರಿಯಾದರೂ ನಮ್ಮ ಸಮಾಜದ ಮನೆಗಳಿಗೆ ಒಂದು ಬಗೆಯ ಕರಪತ್ರ ಬರುತ್ತದೆ. ನುಣುಪಾದ ಕಾಗದ, ಬಣ್ಣ ಬಣ್ಣದ ಮುದ್ರಣ. ಮೇಲ್ಭಾಗದಲ್ಲಿ ಭಗವಾನ್ ಬಾಹುಬಲಿಯ ಚಿತ್ರ. ಸ್ವಾಮಿಯ ಎರಡೂ ಅಂಗೈಗಳಿಂದ ಹೊಂಬಣ್ಣದ ಕಿರಣಗಳು ಹೊರಟು, ಹಾಸಿಗೆ ಹಿಡಿದ ರೋಗಿಯೊಬ್ಬನ ಮೇಲೆ ಬೀಳುತ್ತಿರುತ್ತವೆ. ಕೆಳಗೆ ಒಂದು ಪಟ್ಟಿ: ಭಕ್ತಾಮರದ ಇಂಥ ಶ್ಲೋಕ ಕಣ್ಣಿನ ಬೇನೆಗೆ, ಇಂಥದು ಉದರಶೂಲೆಗೆ, ಇಂಥದು ಸಂಧಿವಾತಕ್ಕೆ. ಶ್ಲೋಕಕ್ಕೊಂದು ತಾಮ್ರದ ಯಂತ್ರ, ಯಂತ್ರಕ್ಕೊಂದು ದೇಣಿಗೆಯ ಮೊತ್ತ. ಅದಕ್ಕೂ ಕೆಳಗೆ, ಶಿಬಿರಕ್ಕೆ ಸ್ಥಳ ಒದಗಿಸಿದ ಧರ್ಮಸಂಸ್ಥೆಗೆ ಕೃತಜ್ಞತೆ.

ಈ ಚಿತ್ರವನ್ನು ಬರೆಯಿಸಿದವರು ತಾವು ಏನನ್ನು ಬರೆಯಿಸಿದೆವೆಂಬುದನ್ನು ಒಂದು ಕ್ಷಣ ಯೋಚಿಸಿದ್ದರೆ ಎಷ್ಟೋ ಚೆನ್ನಾಗಿತ್ತು. ಬಾಹುಬಲಿ ನಿಂತಿರುವುದು ಕಾಯೋತ್ಸರ್ಗದಲ್ಲಿ. ಕಾಯೋತ್ಸರ್ಗವೆಂದರೆ ಕಾಯದ ಮೇಲಿನ ಮಮತೆಯನ್ನು ಬಿಡುವುದು. ಕಾಲಿನ ಬಳಿ ಹುತ್ತ ಬೆಳೆದರೂ, ತೊಡೆತೋಳುಗಳಿಗೆ ಬಳ್ಳಿ ಹಬ್ಬಿದರೂ ಅಲುಗದೆ ನಿಂತ ಮಹಾಪುರುಷನನ್ನು ನಮ್ಮ ಮೊಣಕಾಲುನೋವಿನ ಕಾವಲುಗಾರನನ್ನಾಗಿ ನೇಮಿಸಿಕೊಳ್ಳುವುದು ಭಕ್ತಿಯಲ್ಲ, ಅವಿಚಾರ. ಈ ಅವಿಚಾರವನ್ನು ಕುರಿತು ಮೃದುವಾಗಿ ಮಾತನಾಡುವ ಕಾಲ ಮುಗಿದಿದೆಯೆಂದು ನನಗೆ ತೋರಿರುವುದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಅಧ್ಯಾತ್ಮಕ್ಕೂ ಗುಣವಾಗುವಿಕೆಗೂ ಸಂಬಂಧವೇ ಇಲ್ಲವೆಂದು ನಾನು ಹೇಳುವುದಿಲ್ಲ. ಸಂಬಂಧವಿದೆ. ಆದರೆ ಅದು ಕರಪತ್ರದಲ್ಲಿ ಅಚ್ಚಾದ ಸಂಬಂಧವಲ್ಲ. ನಮ್ಮ ಪರಂಪರೆಯಲ್ಲಿ ಆ ಎರಡರ ನಡುವೆ ಮೂರನೆಯದೊಂದು ನಿಂತಿದೆ. ಅದು ಕಲೆ: ಕಾವ್ಯ ರಚನೆ, ಬಿಂಬ ನಿರ್ಮಾಣ, ಶಾಸ್ತ್ರದ ಪ್ರತಿ ಬರೆಯುವಿಕೆ, ಗಾಯನ, ಚಿತ್ರಲೇಖನ. ಈ ಮೂರನೆಯದನ್ನು ನಾವು ಕೈಬಿಟ್ಟುದರಿಂದಲೇ ಉಳಿದೆರಡರ ನಡುವೆ ವ್ಯಾಪಾರಿಗಳು ಬಂದು ಕುಳಿತಿದ್ದಾರೆ ಎಂಬುದು ನನ್ನ ವಾದ.

ಶಾಸನ ಹೇಳುವ ಕಥೆ

ಶಿಬಿರದ ಪ್ರವಚನಕಾರರು ಮೊದಲು ಎತ್ತಿಕೊಳ್ಳುವುದು ಸಮಂತಭದ್ರಾಚಾರ್ಯರ ಕಥೆಯನ್ನು. ಆ ಕಥೆಯ ಸಾಕ್ಷ್ಯಕ್ಕಾಗಿ ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಪಾರ್ಶ್ವನಾಥ ಬಸದಿಯಿದೆ. ಅಲ್ಲಿ ಶಕ 1050ರ, ಅಂದರೆ ಕ್ರಿ.ಶ. 1129ರ, ಮಲ್ಲಿಷೇಣ ಪ್ರಶಸ್ತಿಯೆಂಬ ದೀರ್ಘ ಸಂಸ್ಕೃತ ಶಾಸನವಿದೆ. ಮಲ್ಲಿಷೇಣ ಮಲಧಾರಿದೇವರ ಸಮಾಧಿಮರಣದ ನೆನಪಿಗಾಗಿ ಕೆತ್ತಿಸಿದ ಆ ಶಾಸನ ಪೂರ್ವಾಚಾರ್ಯರನ್ನು ಒಬ್ಬೊಬ್ಬರಾಗಿ ಸ್ತುತಿಸುತ್ತದೆ. ಸಮಂತಭದ್ರರು ಭಸ್ಮಕವ್ಯಾಧಿಯನ್ನು ಸುಟ್ಟು ಗೆದ್ದವರೆಂದೂ, ತಮ್ಮ ಮಂತ್ರಸದೃಶ ವಾಕ್ಕಿನಿಂದ ಚಂದ್ರಪ್ರಭನ ಬಿಂಬವನ್ನು ಪ್ರಕಟಗೊಳಿಸಿದವರೆಂದೂ ಅದರಲ್ಲಿ ಉಕ್ತವಾಗಿದೆ.

ಪರಂಪರೆಯ ಕಥೆ ಎಲ್ಲರಿಗೂ ತಿಳಿದದ್ದೇ. ಉಂಡದ್ದೆಲ್ಲ ಬೂದಿಯಾಗಿ ಹಸಿವು ಇಂಗದ ಭಸ್ಮಕರೋಗ ಮುನಿಗಳಿಗೆ ಬಂದಿತು. ಅವರು ಸಲ್ಲೇಖನೆಗೆ ಅಪ್ಪಣೆ ಬೇಡಿದರು. ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯವಿದೆಯೆಂದು ಗುರುಗಳು ನಿರಾಕರಿಸಿದರು. ಮುನಿಗಳು ದೀಕ್ಷೆಯ ವೇಷವನ್ನು ತೆಗೆದಿಟ್ಟು ಹೊರಟರು. ಶಿವಾಲಯವೊಂದರ ನೈವೇದ್ಯವನ್ನು ಉಂಡು ದೇಹವನ್ನು ಉಳಿಸಿಕೊಂಡರು. ವ್ಯಾಧಿ ಶಮನವಾಗುತ್ತ ಬಂದಾಗ ಗುಟ್ಟು ಬಯಲಾಯಿತು. ಅರಸನ ಎದುರಿನಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರನ್ನು ಸ್ತುತಿಸುತ್ತ ಸ್ವಯಂಭೂ ಸ್ತೋತ್ರವನ್ನು ರಚಿಸಿದರು. ಎಂಟನೆಯ ತೀರ್ಥಂಕರರ ಸ್ತುತಿಯ ವೇಳೆಗೆ ಚಂದ್ರಪ್ರಭ ಬಿಂಬ ಪ್ರಕಟವಾಯಿತು.

ಈ ಕಥೆಯನ್ನು ನಿಧಾನವಾಗಿ ಓದಬೇಕು. ವ್ಯಾಧಿ ಶಮನವಾದುದು ಸ್ತೋತ್ರದಿಂದಲ್ಲ, ಆಹಾರದಿಂದ. ಸ್ತೋತ್ರ ಹುಟ್ಟಿದ್ದು ವ್ಯಾಧಿ ಇಳಿಯುತ್ತ ಬಂದ ಮೇಲೆ. ದೇಹ ಉಳಿದದ್ದು ಅನ್ನದ ಉಪಕಾರ. ಉಳಿದ ದೇಹ ಸಾರ್ಥಕವಾದದ್ದು ಕಾವ್ಯದಿಂದ. ಇನ್ನೂ ಗಮನಿಸಬೇಕಾದ ಸಂಗತಿಯಿದೆ. ಶಾಸನಕವಿ ರೋಗಕ್ಕೆ ಕೊಟ್ಟಿರುವುದು ಒಂದು ಪದ್ಯದ ಒಂದಂಶವನ್ನು ಮಾತ್ರ. ಬಳಿಕ ಬರುವುದು ಪಾಟಲೀಪುತ್ರದಿಂದ ಕಂಚಿ, ಕರಹಾಟಕದವರೆಗೆ ವಾದಭೇರಿಯನ್ನು ಬಾರಿಸಿದ ವಿದ್ವಾಂಸನ ಚಿತ್ರ. ಒಂಬೈನೂರು ವರ್ಷಗಳ ಹಿಂದಿನವರಿಗೆ ಸಮಂತಭದ್ರರು ಗುಣಹೊಂದಿದ ರೋಗಿಯಾಗಿ ಮುಖ್ಯರಾಗಿರಲಿಲ್ಲ, ನುಡಿಯ ಒಡೆಯರಾಗಿ ಮುಖ್ಯರಾಗಿದ್ದರು. ನಾವು ಒಂದಂಶವನ್ನು ಹಿಡಿದುಕೊಂಡು ಉಳಿದ ಶಾಸನವನ್ನೇ ಮರೆತಿದ್ದೇವೆ.

ಅದಿರಲಿ, ಸಮಂತಭದ್ರರು ತಾವೇ ಏನು ಹೇಳಿದ್ದಾರೆ? ರತ್ನಕರಂಡಕ ಶ್ರಾವಕಾಚಾರದಲ್ಲಿ ಅವರು ಮೂರು ಮೂಢತೆಗಳನ್ನು ವಿವರಿಸುತ್ತಾರೆ. ವರದ ಆಸೆಯಿಂದ, ರಾಗದ್ವೇಷಗಳಿಂದ ಮಲಿನವಾದ ದೇವತೆಗಳನ್ನು ಉಪಾಸಿಸುವುದು ಅವರ ಮಾತಿನಲ್ಲಿ ದೇವಮೂಢತೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಎರಡನೆಯದಾಗಿ ಅವರು ಹೇಳುವುದು ನಿಃಕಾಂಕ್ಷೆಯನ್ನು, ಅಂದರೆ ಪ್ರತಿಫಲದ ಹಂಬಲ ಇಲ್ಲದಿರುವುದನ್ನು. ವೀತರಾಗನಿಗೆ ನಮ್ಮ ಪೂಜೆಯಿಂದ ಆಗಬೇಕಾದದ್ದೇನೂ ಇಲ್ಲ, ನಿಂದೆಯಿಂದ ಕುಂದೂ ಇಲ್ಲ. ಆದರೂ ಅವನ ಗುಣಸ್ಮರಣೆ ನಮ್ಮ ಚಿತ್ತವನ್ನು ತೊಳೆಯುತ್ತದೆ ಎಂಬುದು ಸ್ವಯಂಭೂ ಸ್ತೋತ್ರದ ತಿರುಳು. ಯಾರ ಹೆಸರನ್ನು ಹೇಳಿ ಯಂತ್ರ ಮಾರಾಟವಾಗುತ್ತಿದೆಯೋ ಅವರೇ ಅದನ್ನು ಮೂಢತೆಯೆಂದು ಕರೆದಿದ್ದಾರೆ. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇಕೆ?

ಕಿರುಬೆರಳಿನಲ್ಲಿ ಉಳಿದ ರೋಗ

ವಾದಿರಾಜಸೂರಿಗಳದು ಇನ್ನೊಂದು ಕಥೆ. ಚಾಲುಕ್ಯ ಜಯಸಿಂಹನ ಕಾಲದಲ್ಲಿದ್ದು ಶಕ 947ರಲ್ಲಿ ಪಾರ್ಶ್ವನಾಥಚರಿತವನ್ನು ಮುಗಿಸಿದ ಈ ಮಹಾಕವಿಗೆ ಕುಷ್ಠವಿತ್ತೆಂದೂ, ಏಕೀಭಾವ ಸ್ತೋತ್ರವನ್ನು ರಚಿಸಿದಾಗ ಅವರ ಮೈ ಹೊನ್ನಿನಂತಾಯಿತೆಂದೂ ಹೇಳುತ್ತಾರೆ. ಶಿಬಿರಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ಪರಂಪರೆಯಲ್ಲಿ ಮುಗಿಯುವುದಿಲ್ಲ. ಆಸ್ಥಾನದಲ್ಲಿ ಯಾರೋ ಮುನಿಯ ರೋಗವನ್ನು ಹೀಯಾಳಿಸಿದಾಗ ಗುರುಭಕ್ತನಾದ ಶ್ರಾವಕನೊಬ್ಬ ಆವೇಶದಿಂದ, ನಮ್ಮ ಗುರುಗಳಿಗೆ ರೋಗವಿಲ್ಲವೆಂದು ಸುಳ್ಳು ಹೇಳಿಬಿಟ್ಟಿದ್ದ. ಅರಸನು ಮರುದಿನ ನೋಡಲು ಬಂದಾಗ ಮೈ ಶುದ್ಧವಾಗಿತ್ತು. ಹೀಯಾಳಿಸಿದವನಿಗೆ ದಂಡನೆ ತಪ್ಪದೆಂಬ ಸ್ಥಿತಿ ಒದಗಿತು. ಆಗ ಮುನಿಗಳು ತಮ್ಮ ಕಿರುಬೆರಳನ್ನು ತೋರಿಸಿದರು. ಅಲ್ಲಿ ರೋಗ ಉಳಿದಿತ್ತು. ಅವನು ಹೇಳಿದ್ದೂ ಸುಳ್ಳಲ್ಲವೆಂದು ಸಾರಿ ಅವನನ್ನು ಉಳಿಸಿದರು.

ಈ ಕಥೆಯ ಪ್ರಾಣವಿರುವುದು ಹೊನ್ನಾದ ಮೈಯಲ್ಲಲ್ಲ, ಕಿರುಬೆರಳಿನಲ್ಲಿ. ತನ್ನನ್ನು ಹಳಿದವನ ಮೇಲೂ ದ್ವೇಷ ಉಳಿಯದಿದ್ದುದೇ ನಿಜವಾದ ಆರೋಗ್ಯ. ಕಥೆಯನ್ನು ಕಟ್ಟಿದ ನಮ್ಮ ಹಿರಿಯರು ಅಷ್ಟು ಜಾಣರಾಗಿದ್ದರು. ಕಿರುಬೆರಳನ್ನು ಕತ್ತರಿಸಿ ಕಥೆಯನ್ನು ಮಾರುವವರು ನಾವು.

ಧನಂಜಯ ಕವಿಯ ವಿಷಾಪಹಾರ ಸ್ತೋತ್ರವೂ ಹಾಗೆಯೇ. ಮಗನಿಗೆ ಹಾವು ಕಡಿದ ಪ್ರಸಂಗ ಅದರ ಹಿನ್ನೆಲೆಯೆಂದು ಪ್ರತೀತಿ. ಆದರೆ ಸ್ತೋತ್ರದ ಕೊನೆಯ ಭಾಗಕ್ಕೆ ಬಂದಾಗ ಕವಿ ದೈನ್ಯದಿಂದ ವರ ಬೇಡಲು ಒಪ್ಪುವುದಿಲ್ಲ. ಮರದ ಬುಡಕ್ಕೆ ಬಂದು ನಿಂತವನು ನೆರಳನ್ನು ಯಾಚಿಸಬೇಕಾಗಿಲ್ಲವೆಂಬುದು ಅವನ ಆಶಯ. ಭಕ್ತಾಮರದಲ್ಲಿ ಜಲೋದರದ ಪ್ರಸ್ತಾಪವಿದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಮದಗಜ, ಸಿಂಹ, ಕಾಡುಗಿಚ್ಚು, ಸರ್ಪ, ಯುದ್ಧ, ಸಮುದ್ರ, ಜಲೋದರ, ಬಂಧನ ಇವೆಲ್ಲವನ್ನೂ ಮಾನತುಂಗರು ಸಾಲಾಗಿ ತಂದಿದ್ದಾರೆ. ಕಾವ್ಯಕ್ಕೆ ಸಹಜವಾದ ಅತಿಶಯೋಕ್ತಿಯೂ ಅಲ್ಲಿದೆ. ಆದರೆ ಕೊನೆಗೆ ಇವನ್ನೆಲ್ಲ ಒಟ್ಟುಗೂಡಿಸಿ ಹೇಳುವಾಗ ಅವರು ನಾಶವಾಗುವುದೆಂದು ಹೇಳಿದ್ದು ಭಯವನ್ನು. ಭಯ ಅಳಿಯುವುದು ಸಾಮಾನ್ಯ ಲಾಭವಲ್ಲ. ಆದರೆ ಅದು ಆಸ್ಪತ್ರೆಗೆ ಪರ್ಯಾಯವೂ ಅಲ್ಲ.

ಆರ್ತದಿಂದ ಧರ್ಮಕ್ಕೆ

ಹಾಗಾದರೆ ಕಲೆ ಏನನ್ನು ಗುಣಪಡಿಸುತ್ತದೆ? ಉತ್ತರ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿದೆ. ಧ್ಯಾನ ನಾಲ್ಕು ಬಗೆ: ಆರ್ತ, ರೌದ್ರ, ಧರ್ಮ್ಯ, ಶುಕ್ಲ. ಆರ್ತಧ್ಯಾನವೂ ನಾಲ್ಕು ಬಗೆ: ಬೇಡವಾದದ್ದು ಬಂದು ಸೇರಿದ ಚಿಂತೆ, ಬೇಕಾದದ್ದು ಅಗಲಿದ ಚಿಂತೆ, ವೇದನೆಯ ಚಿಂತೆ, ಮುಂದಿನ ಭೋಗವನ್ನು ಬಯಸುವ ನಿದಾನ. ನೋವನ್ನು ಮತ್ತೆ ಮತ್ತೆ ನೆನೆಯುವುದು ಆರ್ತ. ನೋವು ಹೋಗಲಿ, ಸುಖ ಬರಲಿ ಎಂದು ಪೂಜೆಯನ್ನು ಒತ್ತೆಯಿಡುವುದೂ ಆರ್ತವೇ. ಶಿಬಿರಗಳು ನಮ್ಮನ್ನು ಆರ್ತದ ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸುತ್ತವೆ; ಮನೆಯಿಂದ ಹೊರಗೆ ತರುವುದಿಲ್ಲ.

ಹೊರಗೆ ತರುವ ದಾರಿಯನ್ನು ಶುಭಚಂದ್ರಾಚಾರ್ಯರ ಜ್ಞಾನಾರ್ಣವ ಕಾಣಿಸಿದೆ. ಪಿಂಡಸ್ಥ, ಪದಸ್ಥ, ರೂಪಸ್ಥ, ರೂಪಾತೀತ ಎಂಬ ನಾಲ್ಕು ಧ್ಯಾನಗಳನ್ನು ಅದು ವಿಸ್ತರಿಸುತ್ತದೆ. ಪದಸ್ಥದಲ್ಲಿ ಅಕ್ಷರವೇ ಆಲಂಬನ. ರೂಪಸ್ಥದಲ್ಲಿ ಅರ್ಹಂತನ ಆಕೃತಿಯೇ ಆಲಂಬನ. ಅಕ್ಷರವನ್ನು ಆಲಂಬಿಸುವ ಮನಸ್ಸು ಒಂದು ಹೆಜ್ಜೆ ಮುಂದಿಟ್ಟರೆ ಕವಿಯ ಮನಸ್ಸು. ಆಕೃತಿಯನ್ನು ಆಲಂಬಿಸುವ ಮನಸ್ಸು ಒಂದು ಹೆಜ್ಜೆ ಮುಂದಿಟ್ಟರೆ ರೂವಾರಿಯ ಮನಸ್ಸು. ಓಲೆಯ ಮೇಲೆ ಕಂಠವನ್ನು ಹಿಡಿದವನು ಅಕ್ಷರ ತಪ್ಪದಂತೆ ನೋಡಿಕೊಳ್ಳಬೇಕು. ಬಿಂಬ ಕಡೆಯುವವನು ಪ್ರಮಾಣ ಕೆಡದಂತೆ ನೋಡಿಕೊಳ್ಳಬೇಕು. ಆ ಹೊತ್ತಿನಲ್ಲಿ ‘ನನ್ನ ನೋವು’ ಎಂಬ ಮಾತಿಗೆ ಅಲ್ಲಿ ಸ್ಥಳವಿರುವುದಿಲ್ಲ. ವೇದನೆ ಇರುತ್ತದೆ, ವೇದನೆಯ ಚಿಂತೆ ಇರುವುದಿಲ್ಲ. ನಮ್ಮ ಧರ್ಮದಲ್ಲಿ ಕಲೆ ಮಾಡುವ ಚಿಕಿತ್ಸೆ ಇಷ್ಟೇ. ಇಷ್ಟೇ ಎನ್ನುವುದಕ್ಕೆ ಅದು ಸಣ್ಣದಲ್ಲ.

ಇದು ಬರಿಯ ಸಿದ್ಧಾಂತವೆನ್ನುವವರು ಇತಿಹಾಸವನ್ನು ನೋಡಲಿ. ಅತ್ತಿಮಬ್ಬೆಯ ಗಂಡ ನಾಗದೇವ ಯುದ್ಧದಲ್ಲಿ ಮಡಿದ. ಅವಳ ತಂಗಿಯೂ ಸವತಿಯೂ ಆಗಿದ್ದ ಗುಂಡಮಬ್ಬೆ ಅವನೊಡನೆ ಬೆಂಕಿಗೆ ಬಿದ್ದಳು. ಎಳೆಯ ಮಗನೊಡನೆ ಉಳಿದವಳು ಅತ್ತಿಮಬ್ಬೆ. ಇಷ್ಟವಿಯೋಗದ ಆರ್ತಕ್ಕೆ ಇದಕ್ಕಿಂತ ಕಾರಣ ಬೇಕಿಲ್ಲ. ಅವಳು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಹೊನ್ನು ರತ್ನಗಳ ಸಾವಿರದೈನೂರು ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದಳು. 1007ರಲ್ಲಿ ಲಕ್ಕುಂಡಿಯ ಬಸದಿಯನ್ನು ಕಟ್ಟಿಸಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಕೈಗಳು, ಎಷ್ಟು ತಿಂಗಳುಗಳು, ಎಷ್ಟು ತಾಳೆಯ ಗರಿ ಎಂಬುದನ್ನು ಊಹಿಸಿಕೊಳ್ಳಿ. ಅವಳು ಯಾರಿಂದಲೂ ಶಾಂತಿಯನ್ನು ಕೊಂಡುಕೊಳ್ಳಲಿಲ್ಲ. ಶಾಂತಿಯ ಪುರಾಣವನ್ನು ನಾಡಿಗೆ ಹಂಚಿದಳು.

ನಮ್ಮ ಜಿಲ್ಲೆಯಲ್ಲಿಯೇ ಹಳೇಬೀಡಿನ ಬಸದಿಹಳ್ಳಿಗೆ ಹೋಗಿ ನಿಲ್ಲಿ. ಅಲ್ಲಿಯ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ದಂಡನಾಯಕ ಬೊಪ್ಪ. ತೀರಿಕೊಂಡ ತಂದೆ ಗಂಗರಾಜನ ನೆನಪಿಗಾಗಿ. ಅದರ ಪ್ರತಿಷ್ಠೆಯ ಪ್ರಸಾದವನ್ನು ಬರಮಾಡಿಕೊಂಡ ವಿಷ್ಣುವರ್ಧನ, ಆ ವೇಳೆಗೆ ದೊರೆತ ಗೆಲುವನ್ನೂ ಹುಟ್ಟಿದ ಮಗನನ್ನೂ ನೆನೆದು ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟ. ಆ ಗಂಗರಾಜನಾದರೂ ಬೆಳಗೊಳದಲ್ಲಿ ತಾಯಿ ಪೋಚವ್ವೆಗಾಗಿ ಕತ್ತಲೆ ಬಸದಿಯನ್ನು ಕಟ್ಟಿಸಿದವನು. ಹೆಂಡತಿ ಲಕ್ಷ್ಮಿ ಸಮಾಧಿಯನ್ನು ಹೊಂದಿದಾಗ ಶಾಸನ ಬರೆಯಿಸಿದವನು. ಒಂದೇ ಮನೆತನದ ಎರಡು ತಲೆಮಾರು ಅಗಲಿಕೆಯನ್ನು ಎದುರಿಸಿದ್ದು ಕಲ್ಲಿನಲ್ಲಿ ಮತ್ತು ಅಕ್ಷರದಲ್ಲಿ. ಬಸದಿಹಳ್ಳಿಯ ನುಣುಪಾದ ಕರಿಯ ಕಂಬಗಳಲ್ಲಿ ನಮ್ಮ ಮುಖ ಕಾಣುತ್ತದೆಂದು ಪ್ರವಾಸಿಗರು ಬೆರಗಾಗುತ್ತಾರೆ. ಒಬ್ಬ ಮಗನ ದುಃಖಕ್ಕೆ ಕೊಟ್ಟ ಹೊಳಪು ಅದೆಂದು ನಮ್ಮ ಮಕ್ಕಳಿಗೆ ನಾವು ಹೇಳಿದ್ದೇವೆಯೇ?

ಬಣ್ಣದ ಮರ

ಶ್ರವಣಬೆಳಗೊಳದ ಮಠದ ಗೋಡೆಗಳ ಮೇಲೆ ಹಳೆಯ ವರ್ಣಚಿತ್ರಗಳಿವೆ. ಅವುಗಳಲ್ಲಿ ಒಂದು ಷಟ್‌ಲೇಶ್ಯೆಗಳ ಮರ. ಹಸಿದ ಆರು ಮಂದಿ ಒಂದು ಹಣ್ಣಿನ ಮರವನ್ನು ಕಾಣುತ್ತಾರೆ. ಒಬ್ಬ ಬುಡಕ್ಕೇ ಕೊಡಲಿ ಇಡಲು ಹೊರಡುತ್ತಾನೆ. ಇನ್ನೊಬ್ಬ ದೊಡ್ಡ ಕೊಂಬೆಗೆ, ಮತ್ತೊಬ್ಬ ಸಣ್ಣ ಕೊಂಬೆಗೆ, ನಾಲ್ಕನೆಯವನು ಗೊಂಚಲಿಗೆ, ಐದನೆಯವನು ಹಣ್ಣಿಗೆ ಕೈಹಾಕುತ್ತಾನೆ. ಆರನೆಯವನು ನೆಲಕ್ಕೆ ಬಿದ್ದ ಹಣ್ಣನ್ನು ಆಯ್ದುಕೊಳ್ಳುತ್ತಾನೆ. ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ: ಆರು ಮನೋಭಾವಗಳಿಗೆ ಆರು ಬಣ್ಣ. ಕಷಾಯಕ್ಕೆ ಬಣ್ಣವಿದೆಯೆಂದು, ಕಷಾಯ ತಿಳಿಯಾದಂತೆ ಬಣ್ಣ ತಿಳಿಯಾಗುತ್ತದೆಂದು ಕಂಡವರು ನಮ್ಮ ಆಚಾರ್ಯರು. ಚಿತ್ರಕಲೆಗೂ ಆತ್ಮಶುದ್ಧಿಗೂ ಇರುವ ನಂಟನ್ನು ಇದಕ್ಕಿಂತ ನೇರವಾಗಿ ಹೇಳುವ ಚಿತ್ರವನ್ನು ನಾನು ಬೇರೆಲ್ಲಿಯೂ ನೋಡಿಲ್ಲ.

ಇಲ್ಲಿ ನನ್ನ ಮನೆಯ ಸಂಗತಿಯೊಂದನ್ನು ಹೇಳಬೇಕಾಗಿದೆ. ಹೇಳದೆ ಈ ಲೇಖನ ಬರೆಯುವ ಅಧಿಕಾರ ನನಗಿಲ್ಲ. ನಾನು ಹುಟ್ಟಿ ಬೆಳೆದದ್ದು ಗೊರೂರಿನಲ್ಲಿ, ಹೇಮಾವತಿಯ ದಂಡೆಯಲ್ಲಿ. ಉದ್ಯೋಗದ ನಿಮಿತ್ತ ಪಟ್ಟಣಕ್ಕೆ ಬಂದು ನೆಲೆಸಿದ ಮೇಲೆ ಅಲ್ಲಿಯ ಬಸದಿಯ ಆಡಳಿತ ಸಮಿತಿಯಲ್ಲಿ ಹಲವು ವರ್ಷ ಇದ್ದೆ. ಸ್ತೋತ್ರಚಿಕಿತ್ಸೆಯ ನಲವತ್ತೆಂಟು ದಿನಗಳ ಶಿಬಿರಕ್ಕೆ ಸಭಾಭವನವನ್ನು ಬಾಡಿಗೆಗೆ ಕೊಡುವ ವಿಷಯ ಸಮಿತಿಯ ಮುಂದೆ ಬಂದಾಗ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಭವನದ ಮಾಡು ಸೋರುತ್ತಿತ್ತು, ಹಣ ಬೇಕಾಗಿತ್ತು. ಆ ಶಿಬಿರಕ್ಕೆ ನಮ್ಮ ಅತ್ತಿಗೆಯೂ ಹೋದರು. ಅವರ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ನಾಚಿಕೆಯಿಂದ ಹೇಳಿರಲಿಲ್ಲ. ಶಿಬಿರದವರು ಕೊಟ್ಟ ಯಂತ್ರವನ್ನು ಕಟ್ಟಿಕೊಂಡು, ಹೇಳಿದ ಶ್ಲೋಕವನ್ನು ಹೇಳುತ್ತ ಎಂಟು ತಿಂಗಳು ಕಳೆದರು. ವೈದ್ಯರ ಬಳಿಗೆ ಹೋದಾಗ ವೈದ್ಯರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: ಇಷ್ಟು ದಿನ ಏನು ಮಾಡುತ್ತಿದ್ದಿರಿ?

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಚಿಕಿತ್ಸೆಯ ನಡುವೆ ಅತ್ತಿಗೆ ಯಾರೊಡನೆಯೂ ಮಾತನಾಡದಂತಾದರು. ಶ್ಲೋಕ ಹೇಳುವುದನ್ನು ಬಿಟ್ಟರು. ಅವರಿಗೆ ಕೋಪವಿತ್ತು: ಶಿಬಿರದವರ ಮೇಲೆ, ನನ್ನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮ ಮೇಲೆ. ಶ್ರದ್ಧೆ ಸಾಲದಿದ್ದುದರಿಂದ ಗುಣವಾಗಲಿಲ್ಲವೆಂದು ಶಿಬಿರದವರೊಬ್ಬರು ಫೋನಿನಲ್ಲಿ ಹೇಳಿದ್ದರಂತೆ. ರೋಗಿಯ ಮೇಲೆ ರೋಗದ ಜೊತೆಗೆ ತಪ್ಪನ್ನೂ ಹೊರಿಸುವ ಈ ಮಾತಿಗಿಂತ ಕ್ರೂರವಾದ ಹಿಂಸೆಯನ್ನು ನಾನು ಕಾಣೆ. ಅಹಿಂಸೆಯ ಹೆಸರಿನಲ್ಲಿ ಇದು ನಡೆಯಿತು.

ಒಂದು ದಿನ ಅವರು ಮೊಮ್ಮಗಳ ಬಣ್ಣದ ಪೆನ್ಸಿಲ್‌ಗಳನ್ನು ಕೇಳಿದರು. ಮದುವೆಗೆ ಮೊದಲು ಅವರು ರಂಗೋಲಿಯಲ್ಲಿ ಹೆಸರಾದವರು. 2018ರ ಮಹಾಮಸ್ತಕಾಭಿಷೇಕದ ವೇಳೆ ಮಠದಲ್ಲಿ ನೋಡಿದ ಲೇಶ್ಯೆಯ ಮರವನ್ನು ಬಿಡಿಸತೊಡಗಿದರು. ದಿನಕ್ಕೆ ಅರ್ಧಗಂಟೆ, ಕೆಲವೊಮ್ಮೆ ಹತ್ತು ನಿಮಿಷ. ಕೊಡಲಿ ಹಿಡಿದ ಮೊದಲನೆಯವನ ಮುಖವನ್ನು ಬಹಳ ದಿನ ತಿದ್ದಿದರು. ಐದು ಜನರಿಗೆ ಬಣ್ಣ ತುಂಬಿದರು. ಆರನೆಯವನನ್ನು ಗೆರೆಯಲ್ಲಿ ಬಿಟ್ಟರು. ಅವನೊಬ್ಬನು ಉಳಿದನಲ್ಲ ಎಂದು ಕೇಳಿದಾಗ, ಕಾಗದ ಬೆಳ್ಳಗೇ ಇದೆಯಲ್ಲಪ್ಪ ಎಂದರು. ಅವರು ನನ್ನೊಡನೆ ಮತ್ತೆ ಮಾತನಾಡಿದ್ದು ಅಂದು. ರೋಗ ವಾಸಿಯಾಗಲಿಲ್ಲ, ಕೆಲವು ತಿಂಗಳುಗಳ ಬಳಿಕ ತೀರಿಕೊಂಡರು. ಆದರೆ ಕೋಪ ವಾಸಿಯಾಗಿತ್ತು. ಹೋಗುವ ಮೊದಲು ಅವರು ಪಂಚನಮಸ್ಕಾರವನ್ನು ಹೇಳಿಕೊಂಡದ್ದು ಬೇಡಿಕೆಯಾಗಿ ಅಲ್ಲ.

ಅಧ್ಯಾತ್ಮದ ಗುಣಪಡಿಸುವಿಕೆಯೂ ಕಲೆಯೂ ಕೂಡುವ ಸ್ಥಳವನ್ನು ನಾನು ಕಂಡದ್ದು ಅಲ್ಲಿ. ಯಂತ್ರ ಅವರಿಂದ ಎಂಟು ತಿಂಗಳನ್ನು ಕಸಿಯಿತು. ಮಕ್ಕಳ ಪೆನ್ಸಿಲು ಅವರಿಗೆ ಉಳಿದ ದಿನಗಳನ್ನು ಮರಳಿ ಕೊಟ್ಟಿತು.

ಕೆಲವು ಆಕ್ಷೇಪಗಳು

ಸ್ತೋತ್ರಪಠಣದಿಂದ ಎಷ್ಟೋ ಜನರಿಗೆ ಗುಣವಾಗಿದೆ ಎನ್ನುವರು. ತಾನಾಗಿ ಇಳಿಯುವ ವ್ಯಾಧಿಗಳಿವೆ. ಮನಸ್ಸಿನ ನೆಮ್ಮದಿಯಿಂದ ಹಗುರವಾಗುವ ಬೇನೆಗಳಿವೆ. ಆದರೆ ಗುಣವಾದವರು ಬಂದು ಸಾಕ್ಷಿ ಹೇಳುತ್ತಾರೆ; ಗುಣವಾಗದವರು ಸಾಕ್ಷಿ ಹೇಳಲು ಉಳಿದಿರುವುದಿಲ್ಲ. ಪರರ ಪ್ರಾರ್ಥನೆಯ ಫಲವನ್ನು ಅಮೆರಿಕೆಯಲ್ಲಿ ಹೃದಯದ ಬೈಪಾಸ್ ಶಸ್ತ್ರಕ್ರಿಯೆಗೆ ಒಳಗಾದ 1802 ರೋಗಿಗಳಲ್ಲಿ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ತಮಗಾಗಿ ಪ್ರಾರ್ಥನೆ ನಡೆಯುವುದೋ ಇಲ್ಲವೋ ಎಂದು ತಿಳಿಯದವರಲ್ಲಿ, ಪ್ರಾರ್ಥನೆ ನಡೆದ ಗುಂಪಿಗೂ ನಡೆಯದ ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಖಂಡಿತವಾಗಿ ನಡೆಯುತ್ತಿದೆಯೆಂದು ತಿಳಿದವರಲ್ಲಿ ತೊಡಕುಗಳು ಶೇ. 59, ಇನ್ನೆರಡು ಗುಂಪುಗಳಲ್ಲಿ ಶೇ. 52, ಶೇ. 51. ಇನ್ನೊಂದು ಕಡೆ, ಕಲೆ ಮತ್ತು ಆರೋಗ್ಯವನ್ನು ಕುರಿತು 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಾಮರ್ಶಿಸಿ ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ವಿಭಾಗ 2019ರಲ್ಲಿ ಒಂದು ವರದಿಯನ್ನು ಹೊರತಂದಿತು. ಹಾಡುವುದು, ಚಿತ್ರ ಬರೆಯುವುದು, ಕುಣಿಯುವುದು ಮೊದಲಾದವು ವೈದ್ಯೋಪಚಾರದ ಜೊತೆಗೆ ರೋಗಿಗಳಿಗೆ ನೆರವಾಗುತ್ತವೆಂಬುದು ಅದರ ಸಾರ. ಜೊತೆಗೆ ಎಂಬ ಪದವನ್ನು ಗಮನಿಸಬೇಕು.

ಔಷಧವೆಲ್ಲ ಹಿಂಸೆಯಿಂದ ಕೂಡಿದ್ದು, ಆದ್ದರಿಂದ ಮಂತ್ರವೇ ಜೈನರಿಗೆ ತಕ್ಕದ್ದು ಎನ್ನುವವರೂ ಇದ್ದಾರೆ. ಇವರಿಗೆ ನಮ್ಮ ಸಾಹಿತ್ಯದ ಪರಿಚಯ ಸಾಲದು. ನೃಪತುಂಗನ ಆಸ್ಥಾನದಲ್ಲಿ ಮಾಂಸೌಷಧವನ್ನು ಖಂಡಿಸಿದ ಉಗ್ರಾದಿತ್ಯಾಚಾರ್ಯರು ವೈದ್ಯವನ್ನು ತೊರೆಯಲಿಲ್ಲ. ಮದ್ಯ ಮಾಂಸ ಮಧುಗಳಿಲ್ಲದ ವೈದ್ಯಗ್ರಂಥವಾದ ಕಲ್ಯಾಣಕಾರಕವನ್ನು ಬರೆದರು. ವಿಷಚಿಕಿತ್ಸೆಯನ್ನು ಕುರಿತು ಕನ್ನಡದಲ್ಲಿ ಖಗೇಂದ್ರಮಣಿದರ್ಪಣವನ್ನು ರಚಿಸಿದ ಮಂಗರಾಜ, ದನಕರುಗಳಿಗಾಗಿ ಗೋವೈದ್ಯವನ್ನು ಬರೆದ ಕೀರ್ತಿವರ್ಮ ನಮ್ಮವರೇ. ಪೂಜ್ಯಪಾದರನ್ನು ಸ್ತುತಿಸುವವರು ಅವರ ನುಡಿ ಕಾಯದ, ಮಾತಿನ, ಚಿತ್ತದ ಮೂರೂ ಮಲಗಳನ್ನು ಕಳೆಯುತ್ತದೆಂದರು. ಕಾಯಕ್ಕೆ ವೈದ್ಯ, ಮಾತಿಗೆ ವ್ಯಾಕರಣ, ಚಿತ್ತಕ್ಕೆ ಸಮಾಧಿತಂತ್ರ: ಮೂರು ರೋಗಕ್ಕೆ ಮೂರು ಶಾಸ್ತ್ರ. ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚಬಾರದೆಂಬ ವಿವೇಕ ಅವರಿಗಿತ್ತು. ಚತುರ್ವಿಧ ದಾನದಲ್ಲಿ ಔಷಧದಾನಕ್ಕೂ ಶಾಸ್ತ್ರದಾನಕ್ಕೂ ಬೇರೆ ಬೇರೆ ಸ್ಥಾನವಿರುವುದು ಇದಕ್ಕಾಗಿಯೇ.

ಹಣದ ಮಾತು ಉಳಿಯಿತು. ಶಿಬಿರಗಳಿಂದ ಬರುವ ವರಮಾನದಲ್ಲಿ ಬಸದಿಗಳು ನಡೆಯುತ್ತಿವೆ ಎನ್ನುತ್ತಾರೆ. ಸೋರುವ ಮಾಡಿಗಾಗಿ ಕೈ ಎತ್ತಿದವನು ನಾನು. ಈ ಮಾತಿನ ತೂಕ ನನಗೆ ಗೊತ್ತಿದೆ. ಆ ಮಾಡು ಈಗ ಸೋರುವುದಿಲ್ಲ. ಅದರ ಕೆಳಗೆ ಕುಳಿತಾಗಲೆಲ್ಲ ನಾನು ಅತ್ತಿಗೆಯನ್ನು ನೆನೆಯುತ್ತೇನೆ. ಧರ್ಮದರ್ಶಿಗಳಿಗೆ ಇನ್ನೊಂದು ವಿಷಯವೂ ತಿಳಿದಿರಲಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ ಮಂತ್ರ, ತಾಯಿತ, ಕವಚಗಳಿಂದ ರೋಗ ವಾಸಿಯಾಗುತ್ತದೆಂದು ಪ್ರಚಾರ ಮಾಡುವುದನ್ನು ನಿಷೇಧಿಸಿದೆ. ಕರಪತ್ರದ ಕೆಳಗೆ ಸಂಸ್ಥೆಯ ಹೆಸರನ್ನು ಅಚ್ಚು ಹಾಕಿಸುವ ಮೊದಲು ಇದನ್ನು ನೆನೆಯುವುದು ಒಳಿತು.

ಕಲೆಯೂ ರಾಗವೇ ಅಲ್ಲವೇ ಎಂಬ ಪ್ರಶ್ನೆ ಮಾತ್ರ ಗಂಭೀರವಾದದ್ದು. ಕಣ್ಣು ಕಿವಿಗಳ ಸುಖ ಬಂಧಕ್ಕೆ ಕಾರಣವೆಂಬುದು ನಿಜ. ಮೆರವಣಿಗೆಗೆ ಸಿನಿಮಾ ವಾದ್ಯಗೋಷ್ಠಿಯನ್ನು ಕರೆಸಿ ಅದನ್ನು ಕಲೆಯೆಂದು ಕರೆಯುವವರನ್ನು ನಾನು ಸಮರ್ಥಿಸುವುದಿಲ್ಲ. ಸಮಂತಭದ್ರರೇ ಕೊಟ್ಟ ಹೋಲಿಕೆಯೊಂದು ಇಲ್ಲಿ ದಾರಿ ತೋರುತ್ತದೆ: ಶಾಸ್ತಾರನ ಉಪದೇಶವನ್ನು ಅವರು ಕಲಾವಿದನ ಕೈ ಸೋಕಿ ನುಡಿಯುವ ಮೃದಂಗಕ್ಕೆ ಹೋಲಿಸಿದ್ದಾರೆ, ಮೃದಂಗಕ್ಕೆ ತನಗೆಂದು ಬೇಕಾದದ್ದೇನೂ ಇಲ್ಲ. ತನಗಾಗಿ ಏನನ್ನೂ ಬಯಸದೆ ನುಡಿಯುವುದೇ ಕಲೆಯ ಪರಾಕಾಷ್ಠೆ. ಅಂಥ ಕಲೆ ರಾಗವನ್ನು ಬೆಳೆಸದು, ಕರಗಿಸುತ್ತದೆ.

ಮಾಡಬೇಕಾದದ್ದು

ಖಂಡಿಸುವುದು ಸುಲಭ; ಬದಲಿಗೆ ಏನೆಂದು ಹೇಳುವ ಹೊಣೆ ಖಂಡಿಸುವವನದು. ಮೊದಲನೆಯದಾಗಿ, ರೋಗ ವಾಸಿಮಾಡುವೆವೆಂದು ಸಾರುವ ಯಾವ ಕಾರ್ಯಕ್ರಮಕ್ಕೂ ಬಸದಿಯ ಭವನ ಸಿಗಬಾರದು. ಸ್ತೋತ್ರಪಠಣ ನಡೆಯಲಿ, ಮನೆಮನೆಯಲ್ಲಿ ನಡೆಯಲಿ. ಆದರೆ ಪಠಣಕ್ಕೆ ಬಂದವರನ್ನು ಮೊದಲು ಕೇಳುವ ಮಾತು, ವೈದ್ಯರಿಗೆ ತೋರಿಸಿದಿರಾ ಎಂಬುದಾಗಿರಲಿ. ವರ್ಷಕ್ಕೊಮ್ಮೆ ಮಹಿಳೆಯರ ತಪಾಸಣೆಗೆ ಮಹಿಳಾ ವೈದ್ಯರನ್ನೇ ಕರೆಸುವುದು ಔಷಧದಾನವಲ್ಲದೆ ಬೇರೇನೂ ಅಲ್ಲ. ನಾಚಿಕೆಯಿಂದ ಸಾಯುವವರು ನಮ್ಮಲ್ಲಿ ಇನ್ನೂ ಇದ್ದಾರೆ.

ಎರಡನೆಯದಾಗಿ, ಬಸದಿಯ ಜಗುಲಿಯ ಮೇಲೆ ಕೈಕೆಲಸ ಮರಳಲಿ. ಹಳೆಗನ್ನಡ ಓದಬಲ್ಲವರೊಬ್ಬರು, ಲಿಪಿ ತಿದ್ದಬಲ್ಲವರೊಬ್ಬರು, ಷಟ್ಪದಿ ಸಾಂಗತ್ಯಗಳನ್ನು ರಾಗವಾಗಿ ಹೇಳಬಲ್ಲ ಅಜ್ಜಿಯೊಬ್ಬರು ಪ್ರತಿ ಊರಿನಲ್ಲಿಯೂ ಸಿಗುತ್ತಾರೆ. ರತ್ನಾಕರವರ್ಣಿಯ ಭರತೇಶ ವೈಭವ ಎಂಬತ್ತು ಸಂಧಿಗಳ ಕಾವ್ಯ. ವಾರಕ್ಕೊಂದು ಸಂಧಿ ಹಾಡಿದರೂ ಒಂದೂವರೆ ವರ್ಷ ಬೇಕು. ಮನೆಯಲ್ಲಿ ಸಾವು ಸಂಭವಿಸಿದವರನ್ನು, ದೀರ್ಘ ರೋಗದಿಂದ ನರಳುವವರನ್ನು ಅಲ್ಲಿಗೆ ಕರೆದು ತನ್ನಿ. ಗುಣವಾಗುತ್ತದೆಂದು ಹೇಳಬೇಡಿ. ಒಂದು ಪುಟ ಬರೆಯಿರಿ, ಒಂದು ಪದ್ಯ ಹಾಡಿರಿ, ಒಂದು ಗೆರೆ ಎಳೆಯಿರಿ ಎಂದಷ್ಟೇ ಹೇಳಿ.

ಮೂರನೆಯದಾಗಿ, ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಭಿತ್ತಿಗಳಿಗೆ ಎಣ್ಣೆಬಣ್ಣ ಬಳಿಯುವುದು, ಹಳೆಯ ಕಂಬಗಳ ಮೇಲೆ ಟೈಲ್ಸ್ ಅಂಟಿಸುವುದು ನಿಲ್ಲಲಿ. ಯಾರದೋ ತಾಯಿಗಾಗಿ, ಯಾರದೋ ತಂದೆಗಾಗಿ ಕಟ್ಟಿದ ಗೋಡೆಗಳು ಅವು. ನಮ್ಮ ದುಃಖಕ್ಕೆ ದಾರಿ ತೋರಬಲ್ಲ ಪೂರ್ವಜರ ದುಃಖವನ್ನು ಬಣ್ಣದ ಡಬ್ಬದಿಂದ ಮುಚ್ಚಬಾರದು.

ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು ನಮ್ಮ ಹಳ್ಳಿಗಳ ಮಾತುಕತೆಯನ್ನು ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’ ಎಂಬ ಪುಸ್ತಕಗಳಲ್ಲಿ ಬರೆದರು; ರಸಿಕತೆ ಪಂಡಿತರ ಸ್ವತ್ತಲ್ಲ, ಎಲ್ಲರ ಮನೆಯ ಜಗುಲಿಯ ಸೊತ್ತು ಎಂಬುದು ಅವನ್ನು ಓದಿದವರಿಗೆ ತಿಳಿಯುತ್ತದೆ. ನಮ್ಮ ಶ್ರಾವಕ ಕುಟುಂಬಗಳಲ್ಲಿಯೂ ಅದು ಇತ್ತು. ಓದುವ ಅಜ್ಜ, ಹಾಡುವ ಅಜ್ಜಿ, ರಂಗೋಲಿ ಬಿಡಿಸುವ ಸೊಸೆ ಇದ್ದ ಮನೆಗೆ ಯಂತ್ರ ಮಾರುವವನು ಬರುತ್ತಿರಲಿಲ್ಲ; ಬಂದರೆ ಕುಡಿಯಲು ನೀರು ಕೊಟ್ಟು ಕಳುಹಿಸುತ್ತಿದ್ದರು.

ಅತ್ತಿಗೆಯ ಚಿತ್ರ ಈಗ ನಮ್ಮ ಮನೆಯ ದೇವರ ಕೋಣೆಯ ಹೊರಗಿನ ಗೋಡೆಯ ಮೇಲಿದೆ. ಮಕ್ಕಳು ಕೇಳುತ್ತಾರೆ, ಇವರಲ್ಲಿ ನೀನು ಯಾರು ಎಂದು. ಶಿಬಿರಕ್ಕೆ ಕೈ ಎತ್ತಿದ ದಿನ ನಾನು ಯಾರಾಗಿದ್ದೆನೆಂಬುದು ನನಗೆ ಗೊತ್ತು. ಧರ್ಮದರ್ಶಿಗಳೇ, ಮುಂದಿನ ಕರಪತ್ರ ನಿಮ್ಮ ಮೇಜಿಗೆ ಬಂದಾಗ ನೀವೂ ಆ ಮರದ ಕೆಳಗೆ ಒಮ್ಮೆ ನಿಂತು ನೋಡಿಕೊಳ್ಳಿ ಎಂಬುದಷ್ಟೇ ನನ್ನ ವಿನಂತಿ.